ಊತ ಕಣ್ಣಿಗೆ ಕಾಣೋ ಮೊದಲೇ ತೂಕ ಹೇಳತ್ತೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಮನೆಯಲ್ಲಿ ಕಿಡ್ನಿ ಅಥವಾ ಹಾರ್ಟ್ ತೊಂದರೆ ಇರೋರನ್ನ ನೋಡಿಕೊಳ್ತಿದ್ದೀರಾ? ಇವತ್ತಿನ ಎಪಿಸೋಡ್ ನಿಮಗೆ. ನಾನೂ ಅದೇ ಕೆಲಸದಲ್ಲಿದ್ದೀನಿ. ನಮ್ಮಮ್ಮನಿಗೆ ಡಯಾಲಿಸಿಸ್ ನಡೀತಿದೆ. ವಿಷಯ, ಮೈಯಲ್ಲಿ ನಿಲ್ಲೋ ನೀರು.

ಯಾಕೆ ನಿಲ್ಲತ್ತೆ? ಕಿಡ್ನಿ ಸೋತರೆ ಉಪ್ಪು, ನೀರು ಸರಿಯಾಗಿ ಹೊರಗೆ ಹೋಗಲ್ಲ. ಹೃದಯ ಸೋತರೆ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿ ನೀರು ಹೊರಗೆ ಜಿನುಗತ್ತೆ. ಮೊಣಕಾಲಿನ ಕೆಳಗೆ, ಮೂಳೆಯ ಮೇಲೆ ಹೆಬ್ಬೆರಳಿಂದ ಹತ್ತು ಸೆಕೆಂಡ್ ಒತ್ತಿ. ಗುಳಿ ಬಿದ್ದು ಹಾಗೇ ಉಳಿದರೆ ಅದು ನೀರಿನ ಊತ.

ಆದರೆ ಗುಳಿ ಬೀಳೋವರೆಗೆ ಕಾಯಬೇಡಿ. 1 ಲೀಟರ್ ನೀರು ಅಂದ್ರೆ 1 ಕೆ.ಜಿ. ತೂಕ. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು ತೂಕ ನೋಡಿ ಫೋನ್‌ನಲ್ಲಿ ಬರೆದಿಡಿ. ಎರಡು ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಡಾಕ್ಟರಿಗೆ ಹೇಳಿ. ಡಯಾಲಿಸಿಸ್ ಇದ್ದರೆ ಎಷ್ಟು ಏರಬಹುದು ಅಂತ ಅವರನ್ನೇ ಕೇಳಿ.

ಇನ್ನು ದಾಹ. ‘ಒಂದು ಲೋಟ ನೀರು ಕೊಡಪ್ಪ’ ಅಂತ ಅಮ್ಮ ಕೇಳಿದಾಗ ಇಲ್ಲ ಅನ್ನೋದು ತುಂಬಾ ಕಷ್ಟ. ಬೈದರೆ ದಾಹ ಹೋಗಲ್ಲ. ದಾಹ ಹೆಚ್ಚಿಸೋದು ಉಪ್ಪು. ಆರೋಗ್ಯವಂತರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಸಾಕು ಅನ್ನತ್ತೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಕಡೆ ಮುದ್ದೆ, ಬಸ್ಸಾರಿನ ಪಕ್ಕ ಉಪ್ಪಿನಕಾಯಿ, ಹಪ್ಪಳ ಇದ್ದೇ ಇರತ್ತೆ. ಅವನ್ನ ಬಿಡಿಸಿ. ಸಾರಿಗೆ ಉಪ್ಪು ಹಾಕೋ ಮೊದಲೇ ಅವರ ಪಾಲು ತೆಗೆದಿಡಿ. ರುಚಿಗೆ ಬೆಳ್ಳುಳ್ಳಿ, ಜೀರಿಗೆ, ಮೆಣಸು ಇದೆ. ‘ಲೋ ಸೋಡಿಯಂ’ ಉಪ್ಪು ಕೇಳದೇ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರತ್ತೆ. ಕಿಡ್ನಿ ಸೋತವರಲ್ಲಿ ಅದು ಹೃದಯದ ಬಡಿತವನ್ನೇ ಕೆಡಿಸಬಹುದು. ನೋಡೋಕೆ ಬಂದವರು ಪ್ರೀತಿಯಿಂದ ತರೋ ಎಳನೀರಿಗೂ ಇದೇ ಮಾತು.

ಡಾಕ್ಟರ್ ಹೇಳಿದಷ್ಟು ನೀರನ್ನ ಬೆಳಿಗ್ಗೆ ಬಾಟಲಿಗೆ ತುಂಬಿಡಿ. ಕಾಫಿ, ಮಜ್ಜಿಗೆ, ಗಂಜಿ ಕುಡಿದಾಗ ಅಷ್ಟೇ ನೀರನ್ನ ಬಾಟಲಿಯಿಂದ ತೆಗೆಯಿರಿ. ಉಳಿದದ್ದು ಎಷ್ಟು ಅಂತ ಅವರಿಗೇ ಕಾಣತ್ತೆ, ನೀವು ಪೊಲೀಸ್ ಆಗಬೇಕಿಲ್ಲ. ಮಧ್ಯೆ ಬಾಯಿ ಮುಕ್ಕಳಿಸಲಿ, ಸಣ್ಣ ಐಸ್ ಚೂರು ಚೀಪಲಿ. ಅದೂ ಲೆಕ್ಕಕ್ಕೆ ಬರಲಿ.

ಮೆಡಿಕಲ್ ಶಾಪ್‌ನಿಂದ ನೋವಿನ ಮಾತ್ರೆ ತಂದು ಕೊಡಬೇಡಿ; ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥವು ನೀರು ನಿಲ್ಲಿಸಿ ಕಿಡ್ನಿಗೂ ಪೆಟ್ಟು ಕೊಡ್ತವೆ. ಒಂದೇ ಕಾಲು ಊದಿ ನೋಯ್ತಿದ್ದರೆ ಉಜ್ಜಬೇಡಿ, ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ತೋರಿಸಿ. ಮಲಗಿದರೆ ಉಸಿರು ಕಟ್ಟತ್ತೆ, ಎದ್ದು ಕೂರಲೇಬೇಕು ಅಂದ್ರೆ 108ಕ್ಕೆ ಫೋನ್ ಮಾಡಿ, ಬೆಳಗಾಗಲಿ ಅನ್ನಬೇಡಿ.

ಖರ್ಚಿಗೆ ಹೆದರಿ ಡಯಾಲಿಸಿಸ್ ತಪ್ಪಿಸಬೇಡಿ. ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಿಂದ ಇದೆ, ಬಿಪಿಎಲ್ ಕುಟುಂಬಗಳಿಗೆ ಉಚಿತ. ಬಿಪಿಎಲ್ ಕಾರ್ಡ್ ಹಿಡಿದು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಹೋಗುವಾಗ ಫೋನ್‌ನಲ್ಲಿ ಬರೆದಿಟ್ಟ ತೂಕವನ್ನೂ ತೋರಿಸಿ.