ಮನೆಯ ಚಿತ್ರಭಂಡಾರ: ಹೆಸರಿಡುವ ಕ್ರಮ

ವಾಚನಾಲಯದಲ್ಲಿ ಇದ್ದೂ ಕೈಗೆ ಸಿಕ್ಕದ ಪುಸ್ತಕ ಇಲ್ಲದ ಪುಸ್ತಕಕ್ಕೆ ಸಮಾನ. ಬೇರೆ ಸಾಲಿನಲ್ಲಿ ಸೇರಿಹೋದ ಒಂದು ಪುಸ್ತಕವನ್ನು ಹುಡುಕಿ ತೆಗೆಯುವುದಕ್ಕಿಂತ ಹೊಸದೊಂದನ್ನು ಕೊಳ್ಳುವುದೇ ಎಷ್ಟೋ ವೇಳೆ ಸುಲಭವಾಗುತ್ತದೆ. ಈ ಮಾತು ಇಂದು ನಮ್ಮ ಮನೆಗಳಲ್ಲಿ ತುಂಬಿಕೊಂಡಿರುವ ವಿಡಿಯೋಗಳಿಗೂ ಸಲ್ಲುತ್ತದೆ. ಊರಿನಲ್ಲಿ ನಡೆದ ಮದುವೆ, ಮಗುವಿನ ನಾಮಕರಣ, ಅಜ್ಜಿ ಹೇಳಿದ ಸೋಬಾನೆ, ಜಾತ್ರೆಯ ಬಯಲಾಟ, ಹಿಂದೆ ಕೊಂಡಿಟ್ಟ ಹಳೆಯ ಕನ್ನಡ ಚಿತ್ರಗಳ ಡಿವಿಡಿ, ಇವೆಲ್ಲವೂ ಫೋನು, ಪೆನ್‌ಡ್ರೈವು, ಹಾರ್ಡ್ ಡಿಸ್ಕುಗಳಲ್ಲಿ ಚದರಿ ಬಿದ್ದಿವೆ. ಅವುಗಳ ಹೆಸರನ್ನು ನೋಡಿದರೆ ‘ನ್ಯೂ ಫೋಲ್ಡರ್’, ‘ವಿಡಿಯೋ 1’, ‘ಮದುವೆ ಫೈನಲ್’, ‘ಮದುವೆ ಫೈನಲ್ ಹೊಸದು’ ಎಂದಿರುತ್ತದೆ. ಅನ್ನ ಅರಸಿ ಪರಸ್ಥಳಕ್ಕೆ ಬಂದ ನಮ್ಮಂಥವರಿಗೆ ಇವು ಹೊತ್ತು ಕಳೆಯುವ ಸಾಮಗ್ರಿ ಮಾತ್ರವಲ್ಲ. ಮಕ್ಕಳು ಕಾಣದ ಊರನ್ನೂ ಕೇಳದ ಮಾತನ್ನೂ ಅವರಿಗೆ ತಲುಪಿಸುವ ಸಾಧನಗಳು. ಆದುದರಿಂದ ಇವನ್ನು ಕ್ರಮವಾಗಿ ಜೋಡಿಸಿಡುವ ಬಗೆಯನ್ನು ಈ ಸಂಚಿಕೆಯಲ್ಲಿ ವಿವರಿಸುತ್ತೇವೆ.

ಮೊದಲು ‘ಹೋಮ್ ಮೀಡಿಯಾ ಸರ್ವರ್’ ಎಂದರೇನೆಂದು ತಿಳಿಯೋಣ. ಹೆಸರು ದೊಡ್ಡದು, ಕೆಲಸ ಸರಳ. ಮನೆಯಲ್ಲಿ ಒಂದು ಕಂಪ್ಯೂಟರು ಇರಬೇಕು. ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪ್ ಆದರೂ ಸಾಕು. ಅದಕ್ಕೆ ಹಾರ್ಡ್ ಡಿಸ್ಕನ್ನು ಜೋಡಿಸಿ, ಜೆಲ್ಲಿಫಿನ್, ಪ್ಲೆಕ್ಸ್, ಎಂಬಿ ಎಂಬಂಥ ಒಂದು ತಂತ್ರಾಂಶವನ್ನು ಹಾಕಿದರೆ, ಮನೆಯ ವೈಫೈಗೆ ಸೇರಿದ ಟಿವಿ, ಫೋನುಗಳೆಲ್ಲವೂ ಆ ಒಂದೇ ಭಂಡಾರದಿಂದ ಚಿತ್ರಗಳನ್ನು ತೆರೆದು ನೋಡಬಹುದು. ಮನೆಯೊಳಗೇ ನಡೆಯುವ ಈ ವ್ಯವಹಾರಕ್ಕೆ ಇಂಟರ್ನೆಟ್ಟಿನ ಡೇಟಾ ಖರ್ಚಾಗುವುದಿಲ್ಲ. ಒಂದೇ ಕೋಣೆಯಲ್ಲಿ ನಾಲ್ಕು ಜನ ಬಾಡಿಗೆಗಿದ್ದರೆ ನಾಲ್ವರಿಗೂ ಒಂದೇ ಭಂಡಾರ ಸಾಕು. ಈ ಪೈಕಿ ಜೆಲ್ಲಿಫಿನ್ ಸಂಪೂರ್ಣ ಉಚಿತವಾದದ್ದು. ಎಂಬಿ ತನ್ನ ಮೂಲವನ್ನು ಮುಚ್ಚಿಕೊಂಡಾಗ, 2018ರಲ್ಲಿ ಅದರಿಂದ ಕವಲೊಡೆದು ಹುಟ್ಟಿದ್ದು.

ಈ ತಂತ್ರಾಂಶವು ಒಳ್ಳೆಯ ಗುಮಾಸ್ತನ ಹಾಗೆ ಕೆಲಸ ಮಾಡುತ್ತದೆ. ಫೈಲಿನ ಹೆಸರನ್ನು ಓದಿ, ಇದು ಯಾವ ಚಿತ್ರವೆಂದು ಊಹಿಸಿ, ಇಂಟರ್ನೆಟ್ಟಿನಲ್ಲಿರುವ ಚಿತ್ರಗಳ ದಾಖಲೆಪುಸ್ತಕದಿಂದ ಪೋಸ್ಟರು, ನಟರ ಹೆಸರು, ಕಥೆಯ ಸಾರಾಂಶಗಳನ್ನು ತಂದು ಅಂದವಾಗಿ ತೋರಿಸುತ್ತದೆ. ಆದರೆ ಗುಮಾಸ್ತನು ಚೀಟಿಯ ಮೇಲೆ ಬರೆದದ್ದನ್ನು ಮಾತ್ರ ಓದಬಲ್ಲ. ಚಿತ್ರವನ್ನು ತೆರೆದು ನೋಡಿ, ಅಲ್ಲಿರುವವರು ಡಾಕ್ಟರ್ ರಾಜ್‌ಕುಮಾರ್ ಎಂದು ಗುರುತು ಹಿಡಿಯಲಾರ. ಎಲ್ಲವೂ ನಾವು ಇಡುವ ಹೆಸರಿನ ಮೇಲೆ ನಿಂತಿದೆ.

ಮೊದಲನೆಯ ನಿಯಮ, ಬಗೆಬಗೆಯದಕ್ಕೆ ಬೇರೆಬೇರೆ ಕಪಾಟು. ಮೂರು ದೊಡ್ಡ ಫೋಲ್ಡರುಗಳನ್ನು ಮಾಡಿರಿ: ಸಿನಿಮಾ, ಧಾರಾವಾಹಿ, ಮನೆಯವು. ತಂತ್ರಾಂಶದಲ್ಲಿ ಪ್ರತಿಯೊಂದಕ್ಕೂ ಅದರ ಬಗೆಯನ್ನು ತಿಳಿಸಬೇಕು. ಮನೆಯ ವಿಡಿಯೋಗಳಿಗೆಂದೇ ಅಲ್ಲಿ ಪ್ರತ್ಯೇಕ ಬಗೆಯುಂಟು. ಅದನ್ನು ಆರಿಸಿದರೆ ಗುಮಾಸ್ತನು ಊಹೆಗೆ ಹೋಗುವುದಿಲ್ಲ. ಹಾಗೆ ಮಾಡದೆ, ಅಣ್ಣನ ಹೊಸ ಮನೆಯ ಗೃಹಪ್ರವೇಶದ ವಿಡಿಯೋವನ್ನು ಸಿನಿಮಾಗಳ ಜೊತೆಗೆ ಇಟ್ಟರೆ, 1979ರ ‘ಗೃಹಪ್ರವೇಶ್’ ಎಂಬ ಹಿಂದಿ ಚಿತ್ರದ ಪೋಸ್ಟರು ಅದರ ಮೇಲೆ ಬಂದು ಕೂತರೆ ಆಶ್ಚರ್ಯವಿಲ್ಲ. ಯಕ್ಷಗಾನ, ಹರಿಕಥೆ, ಸಂಘದ ನಾಟಕ ಇವುಗಳ ಸ್ಥಳವೂ ಮನೆಯ ಕಪಾಟಿನಲ್ಲಿಯೇ.

ಎರಡನೆಯದು ಸಿನಿಮಾಗಳ ಹೆಸರು. ಪ್ರತಿ ಚಿತ್ರಕ್ಕೂ ಒಂದು ಫೋಲ್ಡರು. ಅದರ ಹೆಸರು ಚಿತ್ರದ ಶೀರ್ಷಿಕೆ ಮತ್ತು ಕಂಸದಲ್ಲಿ ಬಿಡುಗಡೆಯ ವರ್ಷ. ಒಳಗಿನ ಫೈಲಿಗೂ ಅದೇ ಹೆಸರು. ‘ಬಂಗಾರದ ಮನುಷ್ಯ (1972)’ ಎಂದಿಟ್ಟರೆ ಮುಗಿಯಿತು. ಚಿತ್ರದ ಗುಣಮಟ್ಟ, ಎಲ್ಲಿಂದ ಬಂತು, ಯಾರು ಕೊಟ್ಟರು ಎಂಬ ಬಾಲಂಗೋಚಿಗಳು ಬೇಡ.

ವರ್ಷವೇಕೆ ಎಂದು ಕೆಲವರು ಕೇಳಬಹುದು. ಒಂದೇ ಹೆಸರಿನ ಚಿತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ‘ನಾಗರಹಾವು’ ಎಂದರೆ ಪುಟ್ಟಣ್ಣ ಕಣಗಾಲರ 1972ರ ಚಿತ್ರವೂ ಆಗಬಹುದು, 2016ರಲ್ಲಿ ಬಂದ ಇನ್ನೊಂದೂ ಆಗಬಹುದು. ‘ಸತ್ಯ ಹರಿಶ್ಚಂದ್ರ’ ಕನ್ನಡದಲ್ಲಿ 1943ರಲ್ಲಿಯೂ ಬಂತು, 1965ರಲ್ಲಿಯೂ ಬಂತು. ಸ್ವಾರಸ್ಯವೆಂದರೆ ಅದೇ 1965ರಲ್ಲಿ ತೆಲುಗಿನಲ್ಲಿಯೂ ಅದೇ ಹೆಸರಿನ ಚಿತ್ರ ತೆರೆಕಂಡಿತು. ಇಂಥಲ್ಲಿ ವರ್ಷವೂ ಸಾಲದು. ದಾಖಲೆಪುಸ್ತಕದಲ್ಲಿ ಪ್ರತಿ ಚಿತ್ರಕ್ಕೂ ಒಂದು ಕ್ರಮಸಂಖ್ಯೆಯಿರುತ್ತದೆ. ಅದನ್ನು ತಂತ್ರಾಂಶವು ಹೇಳಿದ ರೀತಿಯಲ್ಲಿ ಫೋಲ್ಡರಿನ ಹೆಸರಿಗೆ ಸೇರಿಸಿದರೆ ಗೊಂದಲ ತಪ್ಪುತ್ತದೆ. ನಮ್ಮ ವಾಚನಾಲಯದ ಪುಸ್ತಕಗಳಿಗೆ ರಿಜಿಸ್ಟರಿನ ಸಂಖ್ಯೆ ಹಾಕುವುದೂ ಇದೇ ಕಾರಣಕ್ಕೆ.

ಮೂರನೆಯದು ಧಾರಾವಾಹಿ. ಇಲ್ಲಿ ಹೊರಗಿನ ಫೋಲ್ಡರಿಗೆ ಧಾರಾವಾಹಿಯ ಹೆಸರು ಮತ್ತು ಅದು ಆರಂಭವಾದ ವರ್ಷ, ಅದರೊಳಗೆ ‘ಸೀಸನ್ 01’ ಎಂಬ ಫೋಲ್ಡರು, ಅದರೊಳಗೆ ಕಂತುಗಳು. ಕಂತಿನ ಫೈಲಿಗೆ ಧಾರಾವಾಹಿಯ ಹೆಸರು, ಆಮೇಲೆ ‘ಎಸ್’ ಎಂಬ ಇಂಗ್ಲಿಷ್ ಅಕ್ಷರ, ಸೀಸನ್ನಿನ ಎರಡಂಕಿ, ಅದಕ್ಕೆ ತಗುಲಿದಂತೆ ‘ಇ’ ಎಂಬ ಇಂಗ್ಲಿಷ್ ಅಕ್ಷರ, ಕಂತಿನ ಎರಡಂಕಿ. ಸೀಸನ್ ಎಂಬ ಮಾತನ್ನೂ ಈ ಅಕ್ಷರಗಳನ್ನೂ ಇಂಗ್ಲಿಷ್ ಲಿಪಿಯಲ್ಲಿಯೇ ಬರೆಯಬೇಕು. ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ 1988ರಲ್ಲಿ ದೂರದರ್ಶನದಲ್ಲಿ ಆರಂಭವಾಯಿತು. ಅದಕ್ಕೆ 94 ಕಂತುಗಳು. 2013ರಲ್ಲಿ ಬೇರೊಂದು ‘ಮಹಾಭಾರತ’ ಬಂತು. ವರ್ಷ ಬರೆಯದಿದ್ದರೆ ಒಂದರ ಕೃಷ್ಣನು ಇನ್ನೊಂದರ ಅರ್ಜುನನಿಗೆ ಗೀತೆಯನ್ನು ಬೋಧಿಸಿಯಾನು!

ಅಂಕಿಗಳ ಮುಂದೆ ಸೊನ್ನೆ ಹಾಕುವುದನ್ನು ಮರೆಯಬೇಡಿರಿ. ಅನೇಕ ಟಿವಿಗಳೂ ಹಳೆಯ ಯಂತ್ರಗಳೂ ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸುತ್ತವೆ. ಆದ್ದರಿಂದ ಅವಕ್ಕೆ 1ರ ಬಳಿಕ 10, 11, 12 ಬಂದು, 19 ಮುಗಿದ ಮೇಲೆ 2 ಬರುತ್ತದೆ. 01, 02 ಎಂದು ಬರೆದರೆ ಕ್ರಮ ಕೆಡುವುದಿಲ್ಲ. ಕಂತುಗಳು ನೂರು ದಾಟುವುದಾದರೆ 001 ಎಂದು ಬರೆಯತಕ್ಕದ್ದು.

ನಾಲ್ಕನೆಯದು ಮನೆಯ ವಿಡಿಯೋಗಳು. ಇದೇ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಇವಕ್ಕೆ ಲೋಕದ ಯಾವ ದಾಖಲೆಪುಸ್ತಕದಲ್ಲಿಯೂ ಸ್ಥಳವಿಲ್ಲ. ಇಲ್ಲಿ ಮೊದಲು ದಿನಾಂಕ ಬರಬೇಕು, ಅದೂ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ. ನಾವು ಕಾಗದಪತ್ರಗಳಲ್ಲಿ ಬರೆಯುವಂತೆ ದಿನವನ್ನು ಮೊದಲು ಬರೆದರೆ ಎಲ್ಲ ವರ್ಷಗಳ ಒಂದನೆಯ ತಾರೀಖುಗಳು ಒಟ್ಟಿಗೆ ಸೇರಿಕೊಳ್ಳುತ್ತವೆ. ‘2011-05-08 ಮದುವೆ ಸಾವಿತ್ರಿ ಶಿರಸಿ’ ಎಂಬಂತೆ ದಿನ, ಸಮಾರಂಭ, ವ್ಯಕ್ತಿ, ಊರು ಎಂಬ ನಾಲ್ಕು ಅಂಗಗಳಿದ್ದರೆ ಸಾಕು. ದಿನ ತಿಳಿಯದಿದ್ದರೆ ವರ್ಷವನ್ನಾದರೂ ಬರೆಯಿರಿ. ಫೈಲಿನೊಡನೆ ಯಂತ್ರವು ತೋರಿಸುವ ತಾರೀಖನ್ನು ನಂಬಿ ಕೂರಬಾರದು. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಪ್ರತಿ ಮಾಡುವಾಗ ಅದು ಬದಲಾಗುವುದುಂಟು. ವಾಟ್ಸಾಪಿನಿಂದ ಬಂದ ವಿಡಿಯೋದ ಹೆಸರಿನಲ್ಲಿರುವ ತಾರೀಖೂ ಚಿತ್ರ ತೆಗೆದ ದಿನವೇ ಆಗಿರಬೇಕೆಂದಿಲ್ಲ. ಅಲ್ಲದೆ ಅಲ್ಲಿ ಸಾಮಾನ್ಯವಾಗಿ ವಿಡಿಯೋವನ್ನು ಕುಗ್ಗಿಸಿ ಕಳುಹಿಸಲಾಗುತ್ತದೆ. ಮುಖ್ಯವಾದ ವಿಡಿಯೋ ಆಗಿದ್ದರೆ ತೆಗೆದವರ ಫೋನಿನಿಂದಲೇ ಮೂಲಪ್ರತಿಯನ್ನು ಪಡೆಯುವುದು ಲೇಸು.

ಹೆಸರನ್ನು ಕನ್ನಡದಲ್ಲಿ ಬರೆಯಬಹುದೇ ಎಂದರೆ, ಧಾರಾಳವಾಗಿ ಬರೆಯಬಹುದು. ಇಂದಿನ ಯಂತ್ರಗಳು ಯೂನಿಕೋಡ್ ಕನ್ನಡವನ್ನು ಬಲ್ಲವು. ಮನೆಯ ವಿಡಿಯೋಗಳಿಗೆ ಕನ್ನಡವೇ ಶೋಭೆ. ಸಿನಿಮಾಗಳಿಗೆ ಮಾತ್ರ ದಾಖಲೆಪುಸ್ತಕದಲ್ಲಿರುವ ಕಾಗುಣಿತವನ್ನು ನೋಡಿಕೊಂಡು ಅದರಂತೆ ಬರೆದರೆ ಗುಮಾಸ್ತನಿಗೆ ಸುಲಭ. ಒಂದು ಮಿತಿಯನ್ನು ನೆನಪಿಡಬೇಕು. ಲಿನಕ್ಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದು ಹೆಸರಿಗೆ 255 ಬೈಟುಗಳ ಜಾಗ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕಾದರೆ, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ‘ಷ್ಯ’ ಎಂಬ ಒತ್ತಕ್ಷರವೊಂದೇ ಮೂರು ಸಂಕೇತ ಸೇರಿ ಒಂಬತ್ತು ಬೈಟು ತಿನ್ನುತ್ತದೆ. ಆದುದರಿಂದ ಹೆಸರು ಚಿಕ್ಕದಾಗಿರಲಿ. ಮದುವೆಯ ಕರೆಯೋಲೆಯನ್ನೇ ಫೈಲಿನ ಹೆಸರಾಗಿ ಬರೆಯಬೇಕಾಗಿಲ್ಲ.

ಕೆಲವು ಚಿಹ್ನೆಗಳು ನಿಷಿದ್ಧ. ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ, ಓರೆಗೆರೆ, ಜೋಡಿ ಉದ್ಧರಣ ಚಿಹ್ನೆ, ವಿವರಣ ಚಿಹ್ನೆಯಾದ ಕೋಲನ್ ಇವುಗಳನ್ನು ವಿಂಡೋಸ್ ಒಪ್ಪುವುದಿಲ್ಲ. ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್.ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ವರ್ಗೀಕರಣ ಪದ್ಧತಿಗೆ ಆ ಕೋಲನ್ನಿನ ಹೆಸರೇ ಬಂದಿದೆ. ಅವರ ಚಿಹ್ನೆಗೆ ಈ ಯಂತ್ರದಲ್ಲಿ ಪ್ರವೇಶವಿಲ್ಲದಿದ್ದರೂ, ವಸ್ತುವಿನ ಅಂಗಗಳನ್ನು ಬಿಡಿಸಿ ಒಂದು ಗೊತ್ತಾದ ಕ್ರಮದಲ್ಲಿ ಇಡಬೇಕೆಂಬ ಅವರ ವಿಚಾರ ನಮಗೆ ಇಲ್ಲಿಯೂ ಉಪಯುಕ್ತ.

ಇನ್ನೊಂದು ಸಣ್ಣ ವಿಷಯ. ಎಫ್‌ಎಟಿ 32 ಎಂಬ ಹಳೆಯ ಪದ್ಧತಿಯಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಹಿಡಿಯುವುದಿಲ್ಲ, ಡ್ರೈವು ಎಷ್ಟೇ ದೊಡ್ಡದಿರಲಿ. ಊರಿಗೆ ವಿಡಿಯೋ ಒಯ್ಯುವವರು ಎಕ್ಸ್‌ಫ್ಯಾಟ್ ಪದ್ಧತಿಗೆ ಬದಲಿಸಿಕೊಳ್ಳಬೇಕು. ಬದಲಿಸುವಾಗ ಒಳಗಿನದೆಲ್ಲ ಅಳಿಸಿಹೋಗುವುದರಿಂದ ಮೊದಲು ಅದನ್ನು ಬೇರೆಡೆಗೆ ಪ್ರತಿ ಮಾಡಿಕೊಳ್ಳತಕ್ಕದ್ದು.

ಎಷ್ಟು ಚೆನ್ನಾಗಿ ಜೋಡಿಸಿದರೂ ಡಿಸ್ಕು ಕೆಟ್ಟರೆ ಎಲ್ಲವೂ ಹೋಯಿತು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’. ಅದರ ಪ್ರತಿ ಇಂದು ಲಭ್ಯವಿಲ್ಲ. ಒಂದು ಭಾಷೆಯ ಮೊದಲ ಚಿತ್ರಕ್ಕೇ ಈ ಗತಿಯಾದರೆ ನಮ್ಮ ಮನೆಯ ವಿಡಿಯೋಗಳ ಪಾಡೇನು? ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಒಂದು ಪ್ರತಿ ಬೇರೆ ಸ್ಥಳದಲ್ಲಿ, ಎಂಬುದು ಬಲ್ಲವರ ಸೂತ್ರ. ಪರಸ್ಥಳದಲ್ಲಿರುವ ನಮಗೆ ಆ ಬೇರೆ ಸ್ಥಳ ಸಹಜವಾಗಿಯೇ ಇದೆ. ಒಂದು ಡಿಸ್ಕನ್ನು ಊರಿನ ಮನೆಯ ಬೀರುವಿನಲ್ಲಿಟ್ಟು, ರಜೆಗೆ ಹೋದಾಗಲೆಲ್ಲ ಹೊಸದನ್ನು ಸೇರಿಸಿ, ಹಳೆಯದು ತೆರೆಯುತ್ತದೆಯೇ ಎಂದು ನೋಡಿ ಬಂದರಾಯಿತು.

ಸಾವಿರ ಫೈಲುಗಳನ್ನು ಕಂಡು ಎದೆಗುಂದಬೇಡಿರಿ. ಭಾನುವಾರಕ್ಕೆ ಹತ್ತರಂತೆ ಹೆಸರಿಟ್ಟರೆ ವರ್ಷಕ್ಕೆ ಐನೂರು ದಾಟುತ್ತದೆ. ಆದರೆ ಕ್ರಮದಲ್ಲಿ ಒಂದು ವಿವೇಕ ಬೇಕು. ಸಿನಿಮಾಗಳನ್ನು ಮುಂದಿನ ವರ್ಷ ಜೋಡಿಸಿದರೂ ನಷ್ಟವಿಲ್ಲ. ಅವುಗಳ ನಟರು ಯಾರೆಂಬುದು ಬರೆದಿಟ್ಟಿದೆ. ಹಳೆಯ ಮದುವೆಯ ಪಂಕ್ತಿಯಲ್ಲಿ ಕೂತವರು ಯಾರು, ಹಸೆಯ ಮುಂದೆ ಹಾಡುತ್ತಿರುವ ಆ ಮುದುಕಿ ಯಾರ ಮನೆಯವರು, ಇದನ್ನು ಹೇಳಬಲ್ಲವರು ನಮ್ಮ ಸೋದರತ್ತೆ, ದೊಡ್ಡಪ್ಪಂದಿರು ಮಾತ್ರ. ಆ ವಿಡಿಯೋಗಳನ್ನೇ ಮೊದಲು ಕೈಗೆತ್ತಿಕೊಂಡು, ಈ ಸಲ ಊರಿಗೆ ಹೋದಾಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಬ್ಬೊಬ್ಬರ ಹೆಸರನ್ನೂ ಕೇಳಿ ಬರೆದುಕೊಳ್ಳಿರಿ.