ಹುಳಿಯಾರು ಸೀಮೆಯಲ್ಲೊಂದು ಮಾರವಾಡದ ನುಡಿ

ತಿಪಟೂರಿನ ಕೊಬ್ಬರಿ ಮಾರುಕಟ್ಟೆ, ತುರುವೇಕೆರೆಯ ತೆಂಗಿನ ತೋಟಗಳನ್ನು ಹಿಂದೆ ಬಿಟ್ಟು ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿನ ಕಡೆ ಹೊರಟರೆ ನೆಲ ಒಣಗುತ್ತ ಹೋಗುತ್ತದೆ. ರಾಗಿ ಹೊಲ, ಕುರುಚಲು ಗುಡ್ಡಗಳ ನಡುವೆ ಕಾಡುಗೊಲ್ಲರ ಹಟ್ಟಿಗಳಿವೆ, ಲಂಬಾಣಿ ತಾಂಡಾಗಳಿವೆ. ಹಟ್ಟಿಯವರ ಮಾತು ಕನ್ನಡವೇ. ತಾಂಡಾದವರು ಸಂತೆಯಲ್ಲಿ ನಮ್ಮಂತೆಯೇ ಕನ್ನಡ ಆಡಿ, ಮನೆಯೊಳಗೆ ಗೋರ್ ಬೋಲಿಗೆ, ಅಂದರೆ ತಮ್ಮ ಲಂಬಾಣಿ ನುಡಿಗೆ, ಹೊರಳುತ್ತಾರೆ.

ಅಮ್ಮ ಅಲ್ಲಿ ಯಾಡಿ, ನೀರು ಪಾಣಿ, ರೊಟ್ಟಿ ಬಾಟಿ. ಕನ್ನಡದ ಷಷ್ಠಿ ಪ್ರತ್ಯಯದ ಜಾಗದಲ್ಲಿ ರೋ, ರಿ, ರಾ ಬರುತ್ತವೆ, ಮಾರವಾಡಿಯಲ್ಲೂ ಹೀಗೆಯೇ. ನುಡಿಯ ಮೂಲ ರಾಜಸ್ಥಾನ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಅದನ್ನು ಇಲ್ಲಿಗೆ ತಂದದ್ದು ಹೇರೆತ್ತುಗಳು. ಉಪ್ಪು, ದವಸ ಹೇರಿಕೊಂಡು ಬಂಜಾರರು, ಅಂದರೆ ಈ ಲಂಬಾಣಿಗಳ ಹಿರೀಕರು, ಮೊಗಲ್ ಸೈನ್ಯಗಳ ಬೆನ್ನಿಗೆ ದಖ್ಖನ್‌ಗೆ ಇಳಿದರು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಕಂಪನಿಯ ದಂಡಿಗೂ ಧಾನ್ಯ ಸಾಗಿಸಿದರು. ಮುಂದೆ ಗಾಡಿರಸ್ತೆಗಳು, ರೈಲು ಬಂದವು, ಎತ್ತಿನ ಬೆನ್ನಿನ ವ್ಯಾಪಾರ ಮುಗಿಯಿತು. ತಿರುಗಾಟದ ಬೀಡುಗಳೇ ಬರಬರುತ್ತ ನೆಲೆಯೂರುಗಳಾದವು. ನಾಯಕ, ಕಾರಭಾರಿ ಎಂಬ ಹಿರಿತನಗಳು, ತೀಜ್ ಹಬ್ಬ ಉಳಿದುಬಂದವು.

ಬರಹದಲ್ಲಿ ಮಾತ್ರ ಈ ನುಡಿ ಹಿಂದೆಯೇ ಉಳಿಯಿತು. ಜಾರ್ಜ್ ಗ್ರಿಯರ್ಸನ್ ತಮ್ಮ ಭಾರತೀಯ ಭಾಷಾ ಸಮೀಕ್ಷೆಯ 1907ರ ಸಂಪುಟದಲ್ಲಿ ಇದನ್ನು ಲಭಾಣಿ ಎಂಬ ಹೆಸರಿನಲ್ಲಿ ವಿವರಿಸಿದರು. ಆದರೆ ಮೈಸೂರು ಸಂಸ್ಥಾನ ಆ ಸಮೀಕ್ಷೆಯ ಹೊರಗಿತ್ತು, ಹೀಗಾಗಿ ನಮ್ಮ ತಾಂಡಾಗಳ ಮಾತನ್ನು ಅವರು ದಾಖಲಿಸಲಿಲ್ಲ. ಇದೇ ಗ್ರಿಯರ್ಸನ್, ಆರೆಲ್ ಸ್ಟೈನ್ 1926ರಲ್ಲಿ ಸಂಗ್ರಹಿಸಿ ತಂದ ಸಾಮಗ್ರಿಯಿಂದ, ಪಾಕಿಸ್ತಾನದ ಸ್ವಾತ್ ಕಣಿವೆಯ ತೋರ್ವಾಲಿ ಭಾಷೆಗೆ 1929ರಲ್ಲಿ ಒಂದು ಇಡೀ ಪುಸ್ತಕವನ್ನೇ ಮೀಸಲಿಟ್ಟರು. ಅದೂ ಇಂಡೋ-ಆರ್ಯನ್ ನುಡಿಯೇ, ದಾರ್ದಿಕ್ ಕವಲಿನದು. ಯೂಸುಫ್‌ಝೈ ಪಠಾಣರು ಬಂದ ಮೇಲೆ ಅದರ ಜನ ಕಣಿವೆಯ ಮೇಲ್ಭಾಗಕ್ಕೆ ಸರಿದು, ಬಹ್ರೇನ್ ಊರಿನ ಸುತ್ತ ನೆಲೆ ನಿಂತರು. ಅಲ್ಲಿನ ಸ್ಥಳೀಯರು 2008ರಿಂದ ಮಕ್ಕಳಿಗೆ ತೋರ್ವಾಲಿಯಲ್ಲೇ ಮೊದಲ ಪಾಠ ಹೇಳುವ ಶಾಲೆ ನಡೆಸಿದ್ದಾರೆ. ಸಣ್ಣ ಭಾಷೆಯೊಂದಕ್ಕೆ ಇದಕ್ಕಿಂತ ದೊಡ್ಡ ಗೌರವ ನನಗೆ ಕಾಣದು.

ನಮ್ಮಲ್ಲಿ? 2011ರ ಜನಗಣತಿಯಲ್ಲಿ ದೇಶದ 32 ಲಕ್ಷಕ್ಕೂ ಹೆಚ್ಚು ಮಂದಿ ಲಮಾಣಿಯನ್ನು, ಅಂದರೆ ಇದೇ ಲಂಬಾಣಿ ನುಡಿಯನ್ನು, ತಾಯ್ನುಡಿ ಎಂದು ಬರೆಸಿದರು. ಪಟ್ಟಿಯಲ್ಲಿ ಅವರೆಲ್ಲ ಹಿಂದಿಯ ಲೆಕ್ಕಕ್ಕೆ ಸೇರಿದರು. ಸ್ವಂತ ಲಿಪಿಯಿಲ್ಲ ಎಂಬುದು ದೊಡ್ಡ ಅಡ್ಡಿಯಲ್ಲ. ಕನ್ನಡ ಲಿಪಿಯಲ್ಲಿ ಗೋರ್ ಬೋಲಿಯನ್ನು ಬರೆಯುತ್ತಲೇ ಇದ್ದಾರೆ, ಅದರ ಳ, ಣ ಎರಡೂ ನಮ್ಮ ಅಕ್ಷರಮಾಲೆಯಲ್ಲಿವೆ.

ಬಿ.ಎಂ.ಶ್ರೀ ಹುಟ್ಟಿದ ಸಂಪಿಗೆ ತುರುವೇಕೆರೆ ತಾಲ್ಲೂಕಿನದು. ಅವರ ಶಿಷ್ಯ ತೀ.ನಂ.ಶ್ರೀ ಅವರ ತೀರ್ಥಪುರ ಚಿಕ್ಕನಾಯಕನಹಳ್ಳಿ ತಾಲ್ಲೂಕಿನದು. ನುಡಿಗಾಗಿ ಬಾಳು ಸವೆಸಿದವರ ಸೀಮೆ ಇದು. ಇಲ್ಲಿನ ಕಾಲೇಜುಗಳ ಕನ್ನಡ ಮೇಷ್ಟ್ರುಗಳು ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ತಾಂಡಾಗಳಿಗೆ ಹೋಗಲಿ, ಹಿರಿಯರ ಮಾತು, ಕತೆ, ಹಾಡುಗಳನ್ನು ದಾಖಲಿಸಲಿ. ತಾಂಡಾದ ಅಂಗನವಾಡಿಯ ಮೊದಲ ಪುಸ್ತಕ ಅದರಿಂದಲೇ ಹುಟ್ಟಲಿ.