ನಿಮಗಿದು ಗೊತ್ತೆ? ಎರಡು ಗಾಂಧಾರಗಳ ನಡುವಿನ ಕೂದಲೆಳೆ

ಗುಬ್ಬಿ, ನಿಟ್ಟೂರು ಸೀಮೆಗೆ ಹಾರ್ಮೋನಿಯಂ ಹೊಸದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯ ನೆಲವಿದು. ಪೌರಾಣಿಕ ನಾಟಕ ಕಲಿಸುವವರನ್ನು ಇಲ್ಲಿ ಇಂದಿಗೂ ‘ಹಾರ್ಮೋನಿಯಂ ಮೇಷ್ಟ್ರು’ ಎಂದೇ ಕರೆಯುತ್ತಾರೆ. ಆದರೆ ಆ ಪೆಟ್ಟಿಗೆಯ ಗಾಂಧಾರವೂ ತಂಬೂರಿಯ ಗಾಂಧಾರವೂ ಒಂದೇ ಅಲ್ಲ!

ಚೆನ್ನಾಗಿ ಶ್ರುತಿಗೂಡಿದ ತಂಬೂರಿಯ ಮಂದ್ರ ಷಡ್ಜದ ತಂತಿಯನ್ನು ಮೀಟಿ ಕಿವಿಗೊಡಿ. ಯಾರೂ ನುಡಿಸದ ಅಂತರ ಗಾಂಧಾರವೊಂದು ತಾನಾಗಿ ಕೇಳಿಬರುತ್ತದೆ. ಅದು ‘ಸ್ವಯಂಭೂ ಗಾಂಧಾರ’; ಷಡ್ಜಕ್ಕೂ ಅದಕ್ಕೂ 4:5ರ ಅನುಪಾತ. ಷಡ್ಜ ಸೆಕೆಂಡಿಗೆ 240 ಕಂಪನವಾದರೆ ಈ ಗಾಂಧಾರ ಸರಿಯಾಗಿ 300. ಹಾರ್ಮೋನಿಯಂನಲ್ಲಿ ಸ್ಥಾಯಿಯನ್ನು 12 ಸಮಪಾಲು ಮಾಡಿರುವುದರಿಂದ ಅದೇ ಸ್ವರ ಸುಮಾರು 302.4ಕ್ಕೆ ನಿಲ್ಲುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದರೆ ನಾದ ಸೆಕೆಂಡಿಗೆ ಎರಡು ಸಲಕ್ಕಿಂತ ತುಸು ಹೆಚ್ಚು ಅಲೆಯಾಡುತ್ತದೆ. ಅದನ್ನು ಒಮ್ಮೆ ಗುರುತಿಸಿದ ಕಿವಿ ಮತ್ತೆ ಮರೆಯುವುದಿಲ್ಲ.

ಸಮಪಾಲು ಏಕೆ? ಶುದ್ಧ ಪಂಚಮಗಳನ್ನು ಒಂದರ ಮೇಲೊಂದು 12 ಸಲ ಏರಿದರೆ 7 ಸ್ಥಾಯಿ ದಾಟಿ, ಅರ್ಧಸ್ವರದ ಕಾಲುಭಾಗಕ್ಕಿಂತ ಒಂಚೂರು ಕಡಿಮೆ ಮಿಗುತ್ತದೆ. ಆ ಮಿಕ್ಕಿದ್ದನ್ನು ಎಲ್ಲ ಸ್ವರಗಳಿಗೂ ಹಂಚಿದ್ದೇ ಈ ಪದ್ಧತಿ. ಯಾವ ಮನೆಯಿಂದ ಹಾಡಿದರೂ ಪೆಟ್ಟಿಗೆ ಜೊತೆ ಕೊಡುವುದು ಇದರಿಂದಲೇ, ನಾಟಕಕ್ಕೆ ಅದು ದೊಡ್ಡ ಅನುಕೂಲ. ಆದರೆ ಇಂಥ ಸ್ಥಿರ ಸ್ವರಗಳು ನಮ್ಮ ಸಂಗೀತಕ್ಕೆ ಒಗ್ಗವೆಂಬ ವಾದ ಬಲವಾಗಿ, 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ನಿಷೇಧಿಸಿತ್ತು. 1971ರಲ್ಲಿ ಅದು ಸಡಿಲವಾಯಿತು.